ಚೀಟಿ ಹಚ್ಚದ ಬಾಟಲಿಗಳು

ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಇವತ್ತು ಏನು ಅಡುಗೆ ಎಂಬುದು ಆ ಮನೆಯ ಗಂಡಸರಿಗಿಂತ ಮೊದಲು ನಮ್ಮ ಕಾಕುವಿಗೆ ಗೊತ್ತಾಗುತ್ತಿತ್ತು. ನಗಬೇಕೆನಿಸಿದರೆ ಈಗಲೇ ನಕ್ಕುಬಿಡಿ! ಆಕೆಯ ಎದುರಿಗೆ ನಕ್ಕವರು ಯಾರೂ ಮರ್ಯಾದೆ ಉಳಿಸಿಕೊಂಡು ಮನೆಗೆ ಹೋದ ಉದಾಹರಣೆ ಇಲ್ಲ. ಮುಂಜಾನೆ ಹಾಲಿನ ಪಾಕೀಟು ತರಲು ಹೊರಟವಳು ಪಕ್ಕದ ಮನೆಯ ಕಿಟಕಿಯ ಕೆಳಗೆ ಗಕ್ಕನೆ ನಿಂತು, “ಯವ್ವಾ, ನಿಮ್ಮ ಸಾರಿಗಿ ಇಂಗು ಜಾಸ್ತಿ ಆಗೇತಿ, ಒಂದೀಟ ಬೆಲ್ಲಾ ಹಾಕು” ಎಂದು ಕೂಗಿ ಮುಂದೆ ನಡೆಯುತ್ತಿದ್ದಳು. ಒಳಗಿದ್ದವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಬೆಲ್ಲ ಹಾಕುತ್ತಿದ್ದಳು.

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ವಯಸ್ಸು ಎಪ್ಪತ್ತು ದಾಟಿದೆ. ಎಷ್ಟು ದಾಟಿದೆ ಎಂದು ಕೇಳಿದರೆ, “ಯಾಕ, ನನಗ ಗಂಡ ನೋಡಾಕತ್ತಿ ಏನು?” ಎನ್ನುತ್ತಾಳೆ. ಚಿಕ್ಕಪ್ಪ ತೀರಿಹೋಗಿ ಬಹಳ ವರ್ಷಗಳಾದವು. ಈಗ ಆಕೆ ಮಗ, ಸೊಸೆ, ಮೊಮ್ಮಗಳ ಜೊತೆ ಇದ್ದಾಳೆಂದು ಜನ ತಿಳಿದಿದ್ದಾರೆ. ಒಳಗೆ ಹೋಗಿ ನೋಡಿದವರಿಗೆ ಮಾತ್ರ ಗೊತ್ತು, ಮಗ, ಸೊಸೆ, ಮೊಮ್ಮಗಳು ಆಕೆಯ ಬಾಟಲಿಗಳ ಜೊತೆ ಇದ್ದಾರೆ. ಮಂಚದ ಕೆಳಗೆ ಬಾಟಲಿ, ಅಟ್ಟದ ಮೇಲೆ ಬಾಟಲಿ, ಮೊಮ್ಮಗಳ ಕಪಾಟಿನಲ್ಲಿ ಗಣಿತದ ಪುಸ್ತಕದ ಹಿಂದೆ ಬಾಟಲಿ! ನಾನು ಅದೇ ಓಣಿಯ ಇನ್ನೊಂದು ತುದಿಯಲ್ಲಿ ಇರುವವಳು, ಕಾಲೇಜೊಂದರ ಆಫೀಸಿನಲ್ಲಿ ಕಾರಕೂನಿ. ಸಂಜೆ ಒಮ್ಮೆ ಆ ಮನೆಗೆ ಹೋಗಿ ಬೈಸಿಕೊಳ್ಳದಿದ್ದರೆ ನನಗೆ ದಿನ ಮುಗಿದಂತೆ ಅನ್ನಿಸುವುದಿಲ್ಲ.

ಕಾಕುವಿನ ತವರು ಖಾನಾಪುರ ತಾಲೂಕಿನ ಬೀಡಿ ಎಂಬ ಹಳ್ಳಿ. ಮದುವೆಯಾಗಿ ಬರುವಾಗ ಅಲ್ಲಿಂದ ಆಕೆ ಒಂದು ಕಟ್ಟಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಏನು ಮಾಡಿದರೂ ದೇವರಿಗೆ ತೋರಿಸುವ ಮೊದಲು ಅದನ್ನು ನಾಲಿಗೆಗೆ ತಾಗಿಸಕೂಡದು. ಇದು ಬಹಳ ಮನೆಗಳಲ್ಲಿ ಇದೆ, ದೊಡ್ಡ ಮಾತಲ್ಲ. ಉಳಿದವರು ಹಬ್ಬದ ದಿನ ಪಾಲಿಸಿ ಮರುದಿನ ಬಿಡುತ್ತಾರೆ. ಕಾಕು ಉಪ್ಪಿಟ್ಟಿಗೂ ಪಾಲಿಸುತ್ತಾಳೆ! ಹಾಗಾದರೆ ಉಪ್ಪು ಸರಿಯಿದೆಯೋ ಇಲ್ಲವೋ ಹೇಗೆ ತಿಳಿಯಬೇಕು? ಅದಕ್ಕೆ ಮೂಗಿದೆ. “ಮೂಗಿಗಿ ಎಂಜಲಿಲ್ಲ” ಎಂಬುದು ಆಕೆಯ ಶಾಸನ. “ದೇವರು ತಾನs ಏನ ಹೊಟ್ಟಿ ತುಂಬ ಉಣ್ಣತಾನೇನು? ವಾಸನಿ ತಗೋತಾನ, ಉಳದದ್ದ ನಮಗ ಬಿಡತಾನ.” ಈ ತರ್ಕವನ್ನು ಮುರಿಯಲು ಇಬ್ಬರು ಪುರೋಹಿತರು ಬಂದು ಊಟ ಮಾಡಿಕೊಂಡು ಹೋಗಿದ್ದಾರೆ.

ಕೇಕು ಮತ್ತು ಬಾಟಲಿ ಆಕೆಗೆ ಅಂಟಿದ್ದು ಊರಿನ ಮಿಲಿಟರಿ ಬಡಾವಣೆಯಾದ ಕ್ಯಾಂಪಿನಲ್ಲಿ. ಚಿಕ್ಕಪ್ಪನಿಗೆ ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಹಳೆಯ ಬಂಗಲೆಯೊಂದರ ಹಿತ್ತಲಿನ ಎರಡು ಕೋಣೆಗಳಲ್ಲಿ ಸಂಸಾರ. ಬಂಗಲೆಯ ಮುದುಕಿಯನ್ನು ಎಲ್ಲರೂ ಮ್ಯಾಡಮ್ ಎನ್ನುತ್ತಿದ್ದರು. ಆ ಮ್ಯಾಡಮ್ಮಿನ ಅಡುಗೆಮನೆಯಲ್ಲಿ ತೂಗುವ ತಕ್ಕಡಿ, ಗಂಟೆ ಹೊಡೆಯುವ ಪುಟ್ಟ ಗಡಿಯಾರ, ಕೈಬರಹದ ದಪ್ಪ ಪುಸ್ತಕ ಎಲ್ಲ ಇದ್ದವು. ಹಣ್ಣನ್ನು ಸಕ್ಕರೆಯಲ್ಲಿ ಕುದಿಸುವುದು, ಬಾಟಲಿಗಳನ್ನು ನೀರಿನ ಹಂಡೆಯಲ್ಲಿ ಕುದಿಸುವುದು, ಬಿಸಿಬಿಸಿ ತುಂಬಿ ಮುಚ್ಚಳ ಬಿಗಿದು ವರ್ಷಗಟ್ಟಲೆ ಇಡುವುದು, ಇವನ್ನೆಲ್ಲ ಕಾಕು ಆಕೆಯಿಂದ ಕಲಿತಳು. ತಕ್ಕಡಿ, ಗಡಿಯಾರ, ಪುಸ್ತಕಗಳನ್ನು ಮಾತ್ರ ಅಲ್ಲೇ ಬಿಟ್ಟಳು. “ಎಷ್ಟು ಮಿನಿಟ್?” ಎಂದು ಮ್ಯಾಡಮ್ ಕೇಳಿದರೆ, “ವಾಸನಿ ಬರೂ ತನಕಾ” ಎನ್ನುತ್ತಿದ್ದಳಂತೆ. ಕೊನೆಗೆ ಮ್ಯಾಡಮ್ಮೇ ಸೋತು, ತತ್ತಿಯ ಬದಲು ಮೊಸರು ಹಾಕುವ ಕಾಕುವಿನ ಕೇಕನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ನಮ್ಮವರು ಹಿಂದವಾಡಿಗೆ ಮನೆ ಬದಲಿಸುವಾಗ ಮ್ಯಾಡಮ್ ತನ್ನ ಓವನ್ ಕೊಟ್ಟಳು. ದುಂಡಗಿನ ಅಲ್ಯುಮಿನಿಯಂ ಓವನ್, ಮುಚ್ಚಳದ ನಡುವೆ ಗಾಜಿನ ಕಣ್ಣು. ಅದು ಇವತ್ತಿಗೂ ಕಾಕುವಿನ ಅಡುಗೆಮನೆಯ ಕಟ್ಟೆಯ ಮೇಲಿದೆ. ವೈರು ಮೂರು ಸಲ ಬದಲಾಗಿದೆ, ಓವನ್ ಬದಲಾಗಿಲ್ಲ. ಈ ಓವನ್ನನ್ನು ನೆನಪಿಟ್ಟುಕೊಳ್ಳಿ, ಇಡೀ ಜಗಳ ಅದರದ್ದೇ.

ಬೇಸಿಗೆ ಬಂತೆಂದರೆ ಕಾಕು ಖಾನಾಪುರದ ಬಸ್ಸು ಹತ್ತುತ್ತಿದ್ದಳು. ಸಂತೆಯಲ್ಲಿ, ಬೀಡಿಯ ಅಣ್ಣತಮ್ಮಂದಿರ ಹೊಲದ ಬದುವಿನಲ್ಲಿ ಸಿಕ್ಕಿದ ಕವಳಿ ಹಣ್ಣು, ನೇರಳೆ, ಮುರುಗಲು ಎಲ್ಲ ಬುಟ್ಟಿಗೆ ಬೀಳುತ್ತಿದ್ದವು. ಒಂದು ಸಲ ನಾನೂ ಜೊತೆಗಿದ್ದೆ. ಬರುವಾಗ ಕಂಡಕ್ಟರ್ ಬುಟ್ಟಿಗೂ ಟಿಕೀಟು ತೆಗೆಯಬೇಕೆಂದ.

“ಬುಟ್ಟಿ ಸೀಟಿನ ಮ್ಯಾಲ ಕುಂತೈತೇನು?” ಎಂದಳು ಕಾಕು.

“ಇಲ್ರೀ, ನಿಮ್ಮ ತೊಡಿ ಮ್ಯಾಲ ಐತಿ.”

“ತೊಡಿ ಮ್ಯಾಲಿನ ಕೂಸಿಗಿ ಟಿಕೀಟ ತಗೀತೀರೇನು?”

“ಅದು ಕೂಸೇನ್ರೀ ಅಜ್ಜಿ?”

“ನಿನಗಿಂತ ಚಂದ ಐತಿ!”

ಬಸ್ಸಿಗೆ ಬಸ್ಸೇ ನಕ್ಕಿತು. ಬೆಳಗಾವಿಯಲ್ಲಿ ಇಳಿಯುವಾಗ ಬುಟ್ಟಿಯನ್ನು ಕೆಳಗಿಳಿಸಿ ಕೊಟ್ಟವನು ಅದೇ ಕಂಡಕ್ಟರ್. ಕಾಕು ಅವನ ಕೈಯಲ್ಲಿ ಒಂದು ಹಿಡಿ ಕವಳಿ ಹಣ್ಣು ಇಟ್ಟು ಕಳಿಸಿದಳು.

ಈ ಎಲ್ಲ ಬಾಟಲಿಗಳಲ್ಲಿ ಒಂದಕ್ಕೂ ಚೀಟಿ ಇಲ್ಲ. ಕವಳಿ, ನೇರಳೆ, ಮುರುಗಲು ಮೂರೂ ಬೇಯಿಸಿದರೆ ಕಪ್ಪುಗೆಂಪು. ಯಾವುದು ಯಾವುದೆಂದು ತಿಳಿಯುವುದು ಹೇಗೆ? ಸೊಸೆ, ಎಂದರೆ ನನ್ನ ವೈನಿ, ಬಹಳ ಶಿಸ್ತಿನ ಹೆಂಗಸು. ಒಂದು ದಿನ ಅಂಟು ಚೀಟಿಗಳ ಕಟ್ಟು, ಪೆನ್ನು ತಂದು, “ಅತ್ತೀ, ಹೆಸರ ಬರದು ಹಚ್ಚಿ ಬಿಡ್ರಿ” ಎಂದಳು. ಕಾಕು ಮರುಮಾತಿಲ್ಲದೆ ತೆಗೆದುಕೊಂಡಳು. ಆಕೆ ಮರುಮಾತಾಡದಿದ್ದರೆ ನಾವು ಹೆದರಬೇಕು, ಯಾರೂ ಹೆದರಲಿಲ್ಲ! ಮರುದಿನ ನೋಡಿದರೆ ಫ್ರಿಜ್ಜಿನ ಮೇಲೆ ‘ಫ್ರಿಜ್’ ಎಂಬ ಚೀಟಿ. ಬಾಗಿಲಿನ ಮೇಲೆ ‘ಬಾಗಿಲಾ’. ಗೋಡೆ ಗಡಿಯಾರದ ಮೇಲೆ ‘ನಂಬಬ್ಯಾಡ್ರಿ’. ಬಾಟಲಿಗಳು ಮೊದಲಿದ್ದಂತೆಯೇ ಬೋಳು. ಕಾಕುವಿನ ಮಗ, ಎಂದರೆ ನನ್ನ ಅಣ್ಣ, ದೊಡ್ಡ ಕಾರಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆಯ ಸಾಹೇಬ. ಅಂದು ಊಟದ ಹೊತ್ತಿನವರೆಗೂ ಕಾರಖಾನೆಯಲ್ಲಿ ಗತ್ತಿನಿಂದ ಓಡಾಡಿದ. ಆಮೇಲೆ ಯಾರೋ ಅವನ ಬೆನ್ನಿನಿಂದ ಚೀಟಿ ಕಿತ್ತು ಕೊಟ್ಟರು. ‘ಮಗ. ಮನ್ಯಾಗ ಮಾಡಿದ್ದು. ಅಲಗ್ಯಾಡಿಸಿ ಉಪಯೋಗಸ್ರಿ.’

ಇನ್ನು ಬೇಕರಿಯ ಕಥೆ. ದೀಪಾವಳಿಗೆ ವಾರವಿರುವಾಗ ನಮ್ಮೂರ ಹೆಂಗಸರು ಮೈದಾ, ರವೆ, ಸಕ್ಕರೆ, ತುಪ್ಪವನ್ನು ಡಬ್ಬಿಗಳಲ್ಲಿ ತುಂಬಿಕೊಂಡು ಬೇಕರಿಗೆ ಹೋಗಿ ಸಾಲಿನಲ್ಲಿ ಕೂಡುತ್ತಾರೆ. ಸಾಮಾನು ನಮ್ಮದು, ಭಟ್ಟಿ ಅವರದು. ನಾನಕಟಾಯಿ ಬೆಂದ ಮೇಲೆ ಡಬ್ಬಿ ತುಂಬಿ ಕೊಡುತ್ತಾರೆ. ಮನೆಯಲ್ಲಿ ಓವನ್ ಇದ್ದರೂ ಕಾಕು ಪ್ರತಿವರ್ಷ ಹೋಗುತ್ತಿದ್ದಳು, ಏಕೆಂದರೆ ಹತ್ತು ಮನೆಗಳ ಹಿಟ್ಟಿನಲ್ಲಿ ಒಂದೇ ಕಡೆ ಕೂತು ತಪ್ಪು ಹುಡುಕುವ ಸುಖ ಬೇರೆಲ್ಲಿ ಸಿಗಬೇಕು? ಮೊದಲ ವರ್ಷ ರಸ್ತೆಯಲ್ಲಿ ನಿಂತೇ, “ತಗೀಪಾ, ಆತು!” ಎಂದು ಕೂಗಿದಳಂತೆ. ಬೇಕರಿಯವನು, “ಇನ್ನ ಐದ ಮಿನಿಟ ಐತ್ರಿ” ಎಂದ. “ನಿನ್ನ ಮಿನಿಟ ಒಲಿಯಾಗ ಹಾಕು!” ಎಂದಳು. ತೆಗೆದು ನೋಡಿದರೆ ಬಂಗಾರದ ಬಣ್ಣ. ಮುಂದೆ ಆಕೆಗೆ ಅಲ್ಲಿ ಖಾಯಂ ಕುರ್ಚಿ ಬಿತ್ತು. “ಆ ನೀಲಿ ಸೀರಿಯಾಕಿದು ಮೊದಲ ತಗಿ, ತುಪ್ಪ ಅಂತ ಹೇಳಿ ವನಸ್ಪತಿ ಹಾಕ್ಯಾಳ, ಲಗೂನ ಕೆಂಪ ಆಗತೈತಿ” ಎಂದು ಕುರ್ಚಿಯಿಂದಲೇ ಅಪ್ಪಣೆ! ನೀಲಿ ಸೀರೆಯವಳು ಮುಂದಿನ ವರ್ಷ ಬೇರೆ ಬೇಕರಿ ಹಿಡಿದಳು. ಗೋಡೆಯ ಮೇಲಿನ ಗಡಿಯಾರ ನಿಂತುಹೋದಾಗ ಬೇಕರಿಯವನು ಸೆಲ್ಲು ಹಾಕುವ ಗೋಜಿಗೇ ಹೋಗಲಿಲ್ಲ. ಭಟ್ಟಿ ತುಂಬುವುದು, ಕಾಕುವಿನ ಮುಖ ನೋಡುವುದು, ಅಷ್ಟೇ.

ಹೀಗಿರುವಾಗ ಮೂರು ವರ್ಷದ ಹಿಂದೆ, ಒಂದು ಜ್ವರ ಬಂದು ಹೋದ ಮೇಲೆ, ಕಾಕುವಿಗೆ ಹೊಸ ಹುಚ್ಚು ಹಿಡಿಯಿತು. ಮನೆಗೆ ಬಂದವರನ್ನೆಲ್ಲ ಅಡುಗೆಮನೆಗೆ ಕರೆದು, ಮಣೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಮೂಗಿನ ಕೆಳಗೆ ಒಂದು ಬಾಟಲಿ ಹಿಡಿಯುವುದು.

“ಹೇಳ, ಏನೈತಿ?”

ಸರಿ ಹೇಳಿದರೆ ಒಂದು ಚಮಚ ಮುರಬ್ಬ. ತಪ್ಪಿದರೆ, “ಇಷ್ಟುದ್ದ ಮೂಗ ಕೊಟ್ಟಾನ ದೇವರು, ಕನ್ನಡಕಾ ಇಡಾಕ ಅಷ್ಟs ಏನು?” ಎಂಬ ಆಶೀರ್ವಾದ. ಕೇಕು ಬೇಯಲಿಟ್ಟರೂ ಪರೀಕ್ಷೆ. “ಹೇಳ, ಬೆಂದೈತೋ ಇಲ್ಲೋ?” ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಡಲಿಲ್ಲ. ಮೊಮ್ಮಗಳು ಚಿನ್ನಿ ಮಾತ್ರ ಶಾಲೆಯ ಪರೀಕ್ಷೆಗಿಂತ ಇದೇ ವಾಸಿ ಎಂದು ದಿನಾ ಕೂರುತ್ತಿದ್ದಳು. ಅಣ್ಣ ಕೂರಲಿಲ್ಲ. “ನನಗ ವ್ಯಾಳ್ಯಾ ಇಲ್ಲವಾ” ಎಂದು ಒಂದೇ ಮಾತು. ನಾನು? ನಾನು ಆಕೆಯ ಮೊದಲ ದರ್ಜೆಯ ವಿದ್ಯಾರ್ಥಿನಿ! ಹತ್ತಕ್ಕೆ ಒಂಬತ್ತು ಬಾಟಲಿ ಸರಿಯಾಗಿ ಹೇಳುತ್ತಿದ್ದೆ. ನನ್ನ ಐವತ್ತು ವರ್ಷದ ಬಾಳಿನಲ್ಲಿ ಯಾವುದರಲ್ಲಾದರೂ ಮೊದಲ ಸ್ಥಾನ ಬಂದಿದ್ದರೆ ಅದು ಇದರಲ್ಲೇ. ಮುದುಕಿಗೆ ವಯಸ್ಸಾದಂತೆ ಮಕ್ಕಳಾಟ ಹೆಚ್ಚಾಗಿದೆ ಎಂದು ನಾವೆಲ್ಲ ನಕ್ಕೆವು. ನಕ್ಕೆವು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಹೋದ ದೀಪಾವಳಿಯಲ್ಲಿ ಅನಾಹುತವಾಯಿತು. ಎಂದಿನಂತೆ ಬೇಕರಿ, ಎಂದಿನ ಕುರ್ಚಿ. ಹಿಂದಿನ ಎರಡು ವರ್ಷ ಜೊತೆಗಿದ್ದ ಚಿನ್ನಿಗೆ ಅಂದು ಶಾಲೆ, ನನಗೆ ಆಫೀಸು. ಕಾಕು ಒಬ್ಬಳೇ ಹೋಗಿದ್ದಳು. ಭಟ್ಟಿಯಲ್ಲಿ ನಮ್ಮ ಓಣಿಯ ಅಷ್ಟೂ ಮನೆಗಳ ತಗಡುಗಳಿದ್ದವು. ಬೇಕರಿಯವನು ಕಾಕುವಿನ ಮುಖ ನೋಡಿದ. ಕಾಕು ಭಟ್ಟಿಯ ಮುಖ ನೋಡಿದಳು. ಹೆಂಗಸರು ಇಬ್ಬರ ಮುಖವನ್ನೂ ನೋಡಿದರು. ಭಟ್ಟಿಯ ಬಾಯಿಂದ ನೀಲಿ ಹೊಗೆ ಬರುವ ತನಕ ಯಾರೂ ಬಾಯಿ ಬಿಡಲಿಲ್ಲ, ಏಕೆಂದರೆ ಕಾಕು “ತಗಿ” ಎಂದಿಲ್ಲ! ಹೊರಗೆ ಬಂದದ್ದು ಇದ್ದಿಲು. ಒಂದು ಓಣಿಯ ಇಡೀ ದೀಪಾವಳಿ ಇದ್ದಿಲಾಗಿ ಹೋಗಿತ್ತು.

ಬೇರೆ ಯಾರಾದರೂ ಆಗಿದ್ದರೆ ನೆಲ ಬಿರಿಯಲಿ ಎನ್ನುತ್ತಿದ್ದರು. ಕಾಕು ಒಂದು ಕರಿ ಬಿಲ್ಲೆಯನ್ನೆತ್ತಿ ದೇವರ ಹೆಸರು ಹೇಳಿ ಬಾಯಿಗೆ ಹಾಕಿಕೊಂಡು ಕಟಕಟ ಕಡಿದಳು. “ಇದಕ್ಕ ಖಮಂಗ ಬೆಂದದ್ದು ಅಂತಾರ” ಎಂದಳು. “ನೀವು ಇಷ್ಟ ದಿನ ಹಸೇದs ತಿಂದೀರಿ.” ಒಬ್ಬಳು ಅಳುತ್ತಿದ್ದಳಂತೆ. ಆಕೆಗೆ, “ಚಹಾದಾಗ ಅದ್ದಿ ತಿನ್ನು” ಎಂಬ ಸಲಹೆ ಬೇರೆ.

ಆ ವರ್ಷ ನಮ್ಮ ಮನೆಯ ನಾನಕಟಾಯಿಯನ್ನು ನಾನು ಚಹಾದಲ್ಲಿ ಅದ್ದಿಯೇ ತಿಂದೆ. ಚಹಾ ಕಪ್ಪಾಯಿತು, ನಾನಕಟಾಯಿ ಮೆತ್ತಗಾಗಲಿಲ್ಲ.

ಆಮೇಲೆ ಈ ಮೇ ತಿಂಗಳು. ಒಂದು ಮಧ್ಯಾಹ್ನ ಅಣ್ಣ ಮನೆಯಿಂದಲೇ ಕಂಪ್ಯೂಟರಿನ ಮುಂದೆ ಕೂತು ಮೀಟಿಂಗ್ ಮಾಡುತ್ತಿದ್ದ. ಗುಣಮಟ್ಟದ ಬಗ್ಗೆಯೇ ಏನೋ ಭಾಷಣ. ಅವನ ಮಂಚದ ಕೆಳಗೆ ಢಮಾರ್ ಎಂದಿತು! ಗೇರುಹಣ್ಣಿನ ರಸದ ಬಾಟಲಿಯೊಂದು ಹುಳಿಯೆದ್ದು ಸಿಡಿದಿತ್ತು. ಒಂದು ಸಿಡಿದ ರಭಸಕ್ಕೆ ಬಗಲಿನ ಎರಡೂ ಹೋದವು. ಕ್ಯಾಂಪಿನಲ್ಲಿ ಮಿಲಿಟರಿಯವರು ಗುಂಡು ಹಾರಿಸುವುದನ್ನು ಕೇಳಿ ಕೇಳಿ ಅಭ್ಯಾಸವಾದ ನೆರೆಹೊರೆಯವರು ಮಗ್ಗುಲು ಬದಲಿಸಿ ಮಲಗಿದರು. ಅಣ್ಣನ ಸಾಹೇಬರು ಮಾತ್ರ ಪರದೆಯ ಮೇಲೆ, “ಏನಾತ್ರೀ? ಯುದ್ಧ ಶುರು ಆತೇನು?” ಎಂದು ಕೇಳಿದರು. ಅಣ್ಣನ ಬಿಳಿ ಅಂಗಿಯ ಮೇಲೆ ಹಳದಿ ರಸ ಇಳಿಯುತ್ತಿತ್ತು.

ಕಾಕು ಬಾಗಿಲಲ್ಲಿ ಬಂದು ನಿಂತಳು. “ಮುಚ್ಚಳ ಎಷ್ಟ ಬಿಗಿ ಹಾಕಿದ್ದೆ ನೋಡು” ಎಂದಳು. “ಬಾಟ್ಲಿ ಒಡೀತು, ಮುಚ್ಚಳ ಬಿಚ್ಚಲಿಲ್ಲ.”

ಅಣ್ಣ ಅಂದು ನಗಲಿಲ್ಲ. ಗಾಜಿನ ಚೂರೊಂದು ಚಿನ್ನಿಯ ಚಪ್ಪಲಿಯ ತನಕ ಹಾರಿ ಬಿದ್ದಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಕಾಕುವಿನ ಮುಂದೆ ಇಟ್ಟ. “ಅವ್ವಾ, ನೀ ಮೊದಲ ಹಿಂಗಿದ್ದಿಲ್ಲ. ಹುಳಿ ಬರೂ ಮೊದಲs ಹಿಡದು ಹೊರಗ ಇಡತಿದ್ದಿ. ಈಗ ನಿನಗ ಆಗೂದಿಲ್ಲ, ಒಪ್ಪಿಕೊ. ಬಂದ್ ಮಾಡೂಣು. ಓವನ್ ಹಳೀ ಸಾಮಾನ ಒಯ್ಯೂ ಭಂಗಾರದವಗ ಕೊಡೂಣು, ಬಾಟ್ಲಿನೂ ಕೊಡೂಣು.”

“ಕೊಡು” ಎಂದಳು ಕಾಕು. “ಬಾಜೂಕ ನನ್ನೂ ಕುಂದರಸು. ಇಬ್ಬರನೂ ತೂಗಿ ಒಯ್ಯಲಿ.”

ಎರಡು ದಿನ ಮನೆಯಲ್ಲಿ ಮಾತಿಲ್ಲ. ಅಣ್ಣನದು ತಪ್ಪೆಂದು ನಾನು ಹೇಳುವುದಿಲ್ಲ. ಮಗುವಿನ ಕಾಲಿಗೆ ಗಾಜು ಬಿದ್ದರೆ ಯಾರಿಗಾದರೂ ಹೆದರಿಕೆಯೇ. ಆದರೂ ನನಗೆ ಅವನ ಮೇಲೆ ಕೆಂಡದಂಥ ಸಿಟ್ಟು. ಓವನ್ ಹೋದರೆ ಆ ಮನೆಯಲ್ಲಿ ಕಾಕು ಏನಾಗಿ ಉಳಿಯಬೇಕು? ಟೀವಿಯ ಮುಂದಿನ ಕುರ್ಚಿಯಲ್ಲಿ ಕೂರಿಸಿಟ್ಟ ಸಾಮಾನಾಗಿಯೇ? ಹಾಗೆಂದು ಅಣ್ಣನ ಮುಖದ ಮೇಲೇ ಕೇಳಿದೆ. ಕೊನೆಗೆ ವೈನಿ ನಡುವೆ ಬಿದ್ದು ಒಪ್ಪಂದ ಮಾಡಿಸಿದಳು. ಶ್ರಾವಣದಲ್ಲಿ ಚಿನ್ನಿಯ ಹನ್ನೆರಡನೇ ಹುಟ್ಟುಹಬ್ಬ. ಕೇಕು ಕಾಕುವೇ ಮಾಡಲಿ. ಸರಿ ಬಂದರೆ ಓವನ್ ಉಳಿಯಿತು. ತಪ್ಪಿದರೆ ಮರುದಿನ ಭಂಗಾರದ ಗಾಡಿ ಬಾಗಿಲಿಗೆ.

“ಆತು” ಎಂದಳು ಕಾಕು. “ಹುಳುಕ ಐತಿ ಅಂತ ನೀವು ಹೇಳಾಕ ಬರಲಾರದಂಥಾ ಕೇಕ್ ಮಾಡ್ತೀನಿ.” ನನ್ನನ್ನು ಮಾತ್ರ ಬದಿಗೆ ಕರೆದು, “ಆವತ್ತ ರಜಾ ಹಾಕು. ಮುಂಜಾನಿಂದ ನನ್ನ ಕೂಡ ಇರಬೇಕ ನೀ” ಎಂದಳು. ನನಗೆ ಹೆಮ್ಮೆಯಾಯಿತು. ಮೊದಲ ದರ್ಜೆಯವಳಲ್ಲವೇ!

ಹುಟ್ಟುಹಬ್ಬದ ದಿನ ಬೆಳಗಾವಿಯ ಶ್ರಾವಣದ ಮಳೆ. ಇಲ್ಲಿನ ಮಳೆಗಾಲದಲ್ಲಿ ಒಮ್ಮೆ ಮೂಗು ಕಟ್ಟಿತೆಂದರೆ ಗಣಪತಿ ಮುಳುಗುವ ತನಕ ತೆರೆಯುವುದಿಲ್ಲ. ನನ್ನ ಮೂಗು ಹಿಂದಿನ ವಾರವೇ ಕಟ್ಟಿತ್ತು. ಕರ್ಪೂರ ಹಿಡಿದರೂ ತಿಳಿಯದು. ಹೇಳಬೇಕಿತ್ತು. ಹೇಳಲಿಲ್ಲ! ಮೂರು ವರ್ಷದ ಹೆಸರು, ಒಂದು ನೆಗಡಿಗೆ ಬಿಟ್ಟುಕೊಡುವುದೇ? ಬಾಯಿಂದ ಉಸಿರಾಡುತ್ತ, ಎಲ್ಲ ತಿಳಿದವಳಂತೆ ಮಣೆಯ ಮೇಲೆ ಕೂತೆ.

ಕೇಕು ಬೇಯುವಾಗ ಗಾಜಿನ ಕಣ್ಣಿನಲ್ಲಿ ಇಣುಕಿ ಬಣ್ಣ ನೋಡಿ, “ಆತು” ಎಂದೆ. ಅದೃಷ್ಟಕ್ಕೆ ಸರಿಯಾಗಿಯೇ ಬೆಂದಿತ್ತು. ಕಾಕು ಅದನ್ನು ಅಡ್ಡಕ್ಕೆ ಸೀಳಿದಳು. ನಡುವೆ ಕವಳಿ ಮುರಬ್ಬ ಸವರಬೇಕು, ಚಿನ್ನಿಗೆ ಅದೇ ಪ್ರೀತಿ. ಮಂಚದ ಕೆಳಗಿನಿಂದ ಬಾಟಲಿ ಬಂತು. ಮಳೆಯ ಕತ್ತಲಿಗೆ ಅಡುಗೆಮನೆಯಲ್ಲಿ ಎಲ್ಲವೂ ಕಪ್ಪಾಗಿಯೇ ಕಾಣುತ್ತಿತ್ತು. ಮುಚ್ಚಳ ತೆಗೆದು ನನ್ನ ಮೂಗಿಗೆ ಹಿಡಿದಳು.

“ಹೇಳ, ಏನೈತಿ?”

“ಕವಳಿ” ಎಂದೆ, ಒಂದು ಕ್ಷಣವೂ ತಡೆಯದೆ.

“ಶಾಣ್ಯಾಕಿ!” ಎಂದು ಬೆನ್ನು ತಟ್ಟಿ, ಬಾಟಲಿಯನ್ನು ಕೇಕಿನ ಮೇಲೆ ಬಗ್ಗಿಸಿ ಚಮಚದಿಂದ ನೀಟಾಗಿ ಸವರಿದಳು. ಮೇಲಿನ ಭಾಗ ಮುಚ್ಚಿದಳು. ದೇವರ ಮುಂದೆ ಒಯ್ದು ತೋರಿಸಿದಳು. ಅವನೂ ಏನೂ ಹೇಳಲಿಲ್ಲ.

ಸಂಜೆ ಚಿನ್ನಿಯ ಗೆಳತಿಯರು, ನೆರೆಯವರು, ವೈನಿಯ ತವರಿನವರು ಎಲ್ಲ ಸೇರಿದರು. ಕತ್ತರಿಸಿದ್ದಾಯಿತು, ಹಾಡಿದ್ದಾಯಿತು, ಹಂಚಿದ್ದಾಯಿತು. ಮೊದಲ ತುತ್ತಿಗೇ ವೈನಿಯ ತಂದೆಗೆ ಬಿಕ್ಕಳಿಕೆ ಹತ್ತಿತು. ಒಬ್ಬರು ನೀರು ಕೇಳಿದರು, ಇನ್ನೊಬ್ಬರು ಕೇಳದೆ ಓಡಿದರು. ಅದು ಕವಳಿ ಅಲ್ಲ, ಹುಣಸೆ ತೊಕ್ಕು! ಒಣಮೆಣಸಿನಕಾಯಿ, ಇಂಗು, ಹುಳಿ ಹಾಕಿ ಕುದಿಸಿದ ಎರಡು ವರ್ಷದ ಹಳೆಯ ತೊಕ್ಕು. ಒಂದು ಹುಡುಗಿ ಮಾತ್ರ, “ಏ, ಪಾನೀಪೂರಿ ಕೇಕ್!” ಎಂದು ಕುಣಿದು ಇನ್ನೊಂದು ತುಂಡು ಕೇಳಿದಳು. ಚಿನ್ನಿ ಕಣ್ಣೀರು ಸುರಿಸುತ್ತ ಎರಡನೆಯ ತುತ್ತನ್ನೂ ನುಂಗಿದಳು. ಅಜ್ಜಿಯ ಓವನ್ ಉಳಿಯಬೇಕೆಂದರೆ ಅದನ್ನು ನುಂಗಲೇಬೇಕೆಂದು ಆ ಮಗುವಿಗೆ ತಿಳಿದಿತ್ತು.

ಅಣ್ಣ ತಟ್ಟೆ ಕೆಳಗಿಟ್ಟ. “ಅವ್ವಾ, ಮಾತು ಏನ ಆಗಿತ್ತು?”

ನಾನು ಎದ್ದು ನಿಂತೆ. “ಅಣ್ಣಾ, ತಪ್ಪ ನಂದು. ನನಗ ನೆಗಡಿ ಆಗೇತಿ, ವಾಸನಿ ಬರೂದಿಲ್ಲ. ಸುಳ್ಳ ಹೇಳಿದೆ. ನಾನs ಕವಳಿ ಅಂದೆ.”

ಅಣ್ಣನ ಹುಬ್ಬು ಗಂಟಾಯಿತು. “ನೀ ಅಂದಿ. ಬಾಟ್ಲಿ ಅವ್ವನ ಕೈಯಾಗs ಇತ್ತಲ್ಲ?”

ಇದು ನನಗೆ ಹೊಳೆದೇ ಇರಲಿಲ್ಲ. ಪರೀಕ್ಷೆಗೆ ಕೂತವಳಿಗೆ ವಾಸನೆ ಬರಲಿಲ್ಲ, ಸರಿ. ಪರೀಕ್ಷೆ ಮಾಡಿದವಳಿಗೆ? ಇಂಗು ಹಾಕಿದ ತೊಕ್ಕು ಕಾಕುವಿನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಪಕ್ಕದ ಮನೆಯ ಸಾರಿನಲ್ಲಿ ಇಂಗು ಹೆಚ್ಚಾದರೆ ಬೀದಿಯಿಂದ ಹಿಡಿಯುತ್ತಿದ್ದ ಮೂಗು ಅದು.

ಕಾಕು ಕೇಕಿನ ಚೂರಿಯನ್ನು ಸೆರಗಿಗೆ ಒರೆಸಿ ಮೇಜಿನ ಮೇಲಿಟ್ಟಳು. “ಆಕೀನ ಬಿಡು. ಆಕಿಗಿ ನೆಗಡಿ, ನಾಕ ದಿನಕ್ಕ ಹೋಗತೈತಿ” ಎಂದಳು. “ನನ್ನ ಮೂಗ ಹೋಗಿ ಮೂರ ವರ್ಷ ಆತು. ಆವಾಗ ಜ್ವರಾ ಬಂದಿತ್ತಲ್ಲ, ಅದರಾಗ ಹೋತು. ತಿರಿಗಿ ಬರಲೇ ಇಲ್ಲ. ಈಗ ಹೇಳ್ರಿ, ಏನ ಮಾಡ್ತೀರಿ?”

ವೈನಿಯ ತಂದೆಯ ಬಿಕ್ಕಳಿಕೆ ತಟ್ಟನೆ ನಿಂತಿತು.

“ಒಂದ ಸಲ ಬಾಟ್ಲಿ ಒಡದೈತಿ. ಒಂದ ದೀಪಾವಳಿ ಹೊತ್ತೈತಿ. ಇವತ್ತೊಂದ ಕೇಕ ಖಾರ ಆಗೇತಿ. ಮೂಗ ಇದ್ದವರ ಮನ್ಯಾಗ ಹಾಲ ಉಕ್ಕೂದಿಲ್ಲೇನು? ಮೂರ ವರ್ಷ ಮೂಗಿಲ್ಲದಾಕಿ ಮಾಡಿದ್ದ ತಿಂದು ಬೆರಳ ನೆಕ್ಕೀರಿ. ಒಬ್ಬರಿಗರ ಗೊತ್ತಾತೇನು?”

“ಯಾಕ ಹೇಳಲಿಲ್ಲವಾ?” ಅಣ್ಣನ ದನಿ ಸಣ್ಣದಾಗಿತ್ತು.

“ಹೇಳಿದ್ರ ಓವನ್ ಆವತ್ತs ಒಯ್ದಿರತಿದ್ದಿ.”

ಕಾಕು ಚೂರಿಯನ್ನೂ ಉಳಿದ ಕೇಕನ್ನೂ ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಪಾನೀಪೂರಿ ಹುಡುಗಿಗೆ ಮತ್ತೊಂದು ತುಂಡು ಹಾಕುವುದನ್ನು ಮರೆಯಲಿಲ್ಲ.

ನಾನು ಮಳೆಯಲ್ಲಿ ನೆನೆಯುತ್ತ ಮನೆಗೆ ಬಂದೆ. ದಾರಿಯುದ್ದಕ್ಕೂ ಅಳು ಬಂತು. ಗ್ಯಾಸಿನವನನ್ನೂ ಬಿಡದೆ ಮಣೆಯ ಮೇಲೆ ಕೂರಿಸಿದ್ದು ಯಾಕೆಂದು ಈಗ ತಿಳಿಯಿತು. ಆಕೆ ನಮ್ಮ ಮೂಗುಗಳನ್ನು ಕಡ ತೆಗೆದುಕೊಂಡು ಅಡುಗೆ ಮಾಡುತ್ತಿದ್ದಳು. ಹೋದ ದೀಪಾವಳಿಗೆ ಬೇಕರಿಯ ಕುರ್ಚಿಯ ಮೇಲೆ ಕೂತು, ಅಷ್ಟೂ ಜನ ತನ್ನ ಮುಖವನ್ನೇ ನೋಡುತ್ತಿರುವಾಗ, ಏನೂ ಬಾರದ ಗಾಳಿಯನ್ನು ಎಳೆದುಕೊಳ್ಳುತ್ತ ಆಕೆ ಏನೆಂದುಕೊಂಡಿರಬೇಕು? ಒಬ್ಬರನ್ನಾದರೂ ಕೇಳಬಹುದಿತ್ತು. ಕೇಳುವ ಪೈಕಿಯಲ್ಲ ನಮ್ಮ ಕಾಕು. ಇದ್ದಿಲನ್ನು ಕಡಿದು ನುಂಗುವ ಪೈಕಿ.

ಬೆಳಗಾಗುವ ಹೊತ್ತಿಗೆ ಅಳು ಹೋಗಿ ಸಿಟ್ಟು ಬಂದಿತ್ತು. ಭಂಗಾರದ ಗಾಡಿ ಬರಲಿ, ನಾನೂ ನೋಡುತ್ತೇನೆ! ಓವನ್ನನ್ನು ನನ್ನ ಮನೆಗೆ ಹೊತ್ತು ತರುತ್ತೇನೆ, ಬಾಟಲಿಗಳನ್ನೂ ತರುತ್ತೇನೆ, ಬೇಕಾದರೆ ಕಾಕುವನ್ನೂ ತರುತ್ತೇನೆ. ಅಣ್ಣನಿಗೆ ಹೇಳಬೇಕಾದ ಮಾತುಗಳನ್ನೆಲ್ಲ ದಾರಿಯಲ್ಲಿ ಒಂದೊಂದಾಗಿ ಬಾಯಿಪಾಠ ಮಾಡಿಕೊಂಡು, ಛತ್ರಿಯನ್ನು ಲಾಠಿಯಂತೆ ಹಿಡಿದು ಆ ಮನೆಯೊಳಗೆ ನುಗ್ಗಿದೆ.

ಅಡುಗೆಮನೆಯ ಬಾಗಿಲಲ್ಲಿ ವೈನಿ ನಿಂತಿದ್ದಳು. ಕೈಯಲ್ಲಿ ಅದೇ ಅಂಟು ಚೀಟಿಗಳ ಕಟ್ಟು, ಪೆನ್ನು. ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದಳು. ಒಳಗೆ ಮಣೆಯ ಮೇಲೆ ಅಣ್ಣ ಕೂತಿದ್ದ. ಗುಣಮಟ್ಟದ ಸಾಹೇಬ, ಮೂರು ವರ್ಷ ವ್ಯಾಳ್ಯಾ ಇಲ್ಲದವನು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದ. ಸುತ್ತಲೂ ಬಾಟಲಿಗಳು. ಕಾಕು ಒಂದನ್ನು ಅವನ ಮೂಗಿಗೆ ಹಿಡಿದಿದ್ದಳು.

“ಉಪ್ಪಿನಕಾಯಿ” ಎಂದ ಅಣ್ಣ.

“ಅದು ನೇರಳಿ. ನಪಾಸು.” ಇನ್ನೊಂದು ಬಾಟಲಿ ಬಂತು.

“ಇದು... ಇದೂ ಉಪ್ಪಿನಕಾಯಿ?”

“ಅತ್ತೀ, ನಾ ಅರ ಚೀಟಿ ಬರದು ಹಚ್ಚತೇನ್ರಿ” ಎಂದಳು ವೈನಿ ಮೆಲ್ಲಗೆ. “ನಿಮಗೂ ಹಗರ ಆಗತೈತಿ.”

“ಬ್ಯಾಡವಾ” ಎಂದಳು ಕಾಕು. ಆಕೆ ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಚೀಟಿ ಹಚ್ಚಿದ್ರ ನೀವ್ಯಾರೂ ಅಡಗಿಮನಿಗಿ ಬರೂದಿಲ್ಲ.”

ವೈನಿ ಪೆನ್ನಿನ ಮುಚ್ಚಳ ಹಾಕಿದಳು. ನನ್ನ ಛತ್ರಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಕಾಕು ಮೂರನೆಯ ಬಾಟಲಿ ತೆರೆದಳು. ಅಣ್ಣ ಈ ಸಲ ಉಪ್ಪಿನಕಾಯಿ ಎನ್ನಲಿಲ್ಲ. ಒಮ್ಮೆ ಉಸಿರೆಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ.

“ಹೆಸರ ಗೊತ್ತಿಲ್ಲವಾ” ಎಂದ. “ನಾ ಸಣ್ಣಾಂವ ಇದ್ದಾಗ, ಬ್ಯಾಸಗಿ ಸೂಟಿಯಾಗ ನೀ ಬೀಡಿಯಿಂದ ಬಂದ ಕೂಡಲೆ ನಾ ಓಡಿ ಬಂದು ನಿನ್ನ ಸೆರಗಿನ್ಯಾಗ ಮುಖಾ ಹಾಕತಿದ್ದೆ ನೋಡು. ಆ ವಾಸನಿ.”

ಕಾಕು ಎಡಗೈಯಿಂದ ತನ್ನ ಸೆರಗಿನ ಚುಂಗನ್ನು ಎತ್ತಿ ಮೂಗಿಗೆ ಹಿಡಿದಳು, ಬಹಳ ಹೊತ್ತು ಹಿಡಿದಳು. ಆಮೇಲೆ ಬಿಟ್ಟಳು.

“ನನಗ ಬರೂದಿಲ್ಲಪಾ” ಎಂದಳು. “ನಿನಗ ಬಂತಲ್ಲ, ಸಾಕು. ಕವಳಿ ಅದು. ಪಾಸು.”

ಅಣ್ಣ ಕಣ್ಣು ತೆರೆಯಲಿಲ್ಲ. ರೆಪ್ಪೆಯ ಕೆಳಗಿನಿಂದ ನೀರಿಳಿದು ಮೂಗಿನ ತುದಿಗೆ ಬಂದಿತ್ತು. ಅದನ್ನು ಒರೆಸದೆಯೇ ಮುಂದಿನ ಬಾಟಲಿಗೆ ಮೂಗು ಚಾಚಿದ.